ತಾಸಿನ ಲೆಕ್ಕದ ಕೆಲಸ: ಕಲ್ಯಾಣ–ಹುಮನಾಬಾದ್ ನಡುವೆ ಒಂದು ಗಿಗ್ ಆ್ಯಪ್ ನಡೆದೀತಾ?

ಫೈನಲ್ ಇಯರ್ ಪ್ರಾಜೆಕ್ಟ್ ಹೊತ್ತಿಗೆ ಯಾವುದಾದರೂ ಒಂದು ತಂಡ "ಲೇಬರ್ ಆ್ಯಪ್ ಮಾಡೋಣ" ಅಂತ ಹೊರಡೋದು ಹೊಸದೇನಲ್ಲ. ಕೆಲಸ ಬೇಕಾದವರು ಒಂದು ಕಡೆ, ಮಂದಿ ಬೇಕಾದವರು ಇನ್ನೊಂದು ಕಡೆ, ನಡುವೆ ಒಂದು ಆ್ಯಪ್. ಲಾಗಿನ್ ಪೇಜ್, ಮ್ಯಾಪ್, ಪೇಮೆಂಟ್ ಬಟನ್ ಕೂಡಿಸಿದರೆ ಎರಡು ತಿಂಗಳಲ್ಲಿ ಡೆಮೊ ರೆಡಿ. ಆದ್ರೆ ಡೆಮೊ ಮುಗಿದ ಮರುದಿನ ಆ ಆ್ಯಪ್ ನೋಡಿಕೊಂಡು ನಿಜವಾದ ಒಬ್ಬ ಮನುಷ್ಯ ನಿಜವಾದ ಒಂದು ಕೆಲಸಕ್ಕೆ ಹೋಗ್ತಾನಾ? ಹೋದರೆ ಸಂಜೆ ಅವನ ಕೈಯಲ್ಲಿ ಎಷ್ಟು ಉಳಿಯುತ್ತೆ? ಈ ಲೇಖನದಲ್ಲಿ ಇಂಥ ವೇದಿಕೆಗಳು ಒಳಗೆ ಹೇಗೆ ಕೆಲಸ ಮಾಡ್ತವೆ, ನಮ್ಮ ಬಸವಕಲ್ಯಾಣ–ಹುಮನಾಬಾದ್ ಭಾಗಕ್ಕೆ ಅವು ಹೊಂದಬೇಕಾದರೆ ಏನು ಬದಲಾಗಬೇಕು ಅನ್ನೋದನ್ನ ಲೆಕ್ಕ ಹಾಕಿ ನೋಡೋಣ.

ಗಿಗ್ ಅಂದ್ರೆ ಏನು, ಶಿಫ್ಟ್ ಅಂದ್ರೆ ಏನು?

ಖಾಯಂ ನೌಕರಿ ಇಲ್ಲದೆ, ಒಂದೊಂದು ಕೆಲಸಕ್ಕೆ ಇಷ್ಟು ಅಂತ ದುಡ್ಡು ಪಡೆಯೋದು ಗಿಗ್ ಕೆಲಸ. ಆ ಕೆಲಸ ಆ್ಯಪ್ ಮೂಲಕ ಬಂದರೆ ಅದು ಪ್ಲಾಟ್‌ಫಾರ್ಮ್ ಕೆಲಸ. ನೀತಿ ಆಯೋಗ 2022ರ ಜೂನ್‌ನಲ್ಲಿ ಹೊರತಂದ ವರದಿಯ ಪ್ರಕಾರ 2020–21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದರು. 2029–30ರ ಹೊತ್ತಿಗೆ ಇದು 2.35 ಕೋಟಿ ಆಗಬಹುದು ಅಂತ ಅದೇ ವರದಿ ಅಂದಾಜು ಮಾಡಿದೆ.

ಇದರಲ್ಲೂ ಎರಡು ಬಗೆ ಇದೆ. ಊಟ ತಲುಪಿಸೋದು, ಸವಾರಿ ಬಿಡೋದು ಇವೆಲ್ಲ ಒಂದೊಂದು ಟ್ರಿಪ್ಪಿನ ಲೆಕ್ಕ. ಇನ್ನೊಂದು ತಾಸಿನ ಲೆಕ್ಕ: "ಬೆಳಿಗ್ಗೆ 9ರಿಂದ 2ರವರೆಗೆ ಬಾ, ಐದು ತಾಸಿನ ಪಗಾರ ತಗೋ." ಇದೇ ಶಿಫ್ಟ್ ಕೆಲಸ. ಬೆಂಗಳೂರು, ಮುಂಬೈಯಂಥ ಊರುಗಳಲ್ಲಿ ಮನೆಗೆಲಸವನ್ನೂ ತಾಸಿನ ಲೆಕ್ಕದಲ್ಲಿ ಕೊಡುವ ಸ್ನ್ಯಾಬಿಟ್, ಅರ್ಬನ್ ಕಂಪನಿಯ ಇನ್‌ಸ್ಟಾಹೆಲ್ಪ್ ಮುಂತಾದ ಸೇವೆಗಳು ಈಚೆಗೆ ಶುರುವಾಗಿವೆ.

ನಮ್ಮ ಕಡೆ ಆ್ಯಪ್ ಇಲ್ಲದಿದ್ದರೂ ಶಿಫ್ಟ್ ಕೆಲಸ ಮೊದಲಿನಿಂದಲೂ ಇದೆ. ಲಗ್ನದ ಸೀಜನ್‌ನಲ್ಲಿ ಊಟ ಬಡಿಸೋರು, ಹೆದ್ದಾರಿ ಪಕ್ಕದ ಧಾಬಾಗಳಲ್ಲಿ ರಾತ್ರಿ ಪಾಳಿಯವರು, ಕಲ್ಯಾಣದ ಲಾರಿ ಗ್ಯಾರೇಜುಗಳಲ್ಲಿ ಹೆಲ್ಪರ್‌ಗಳು, ಎಪಿಎಂಸಿ ಅಂಗಳದಲ್ಲಿ ಹಮಾಲರು, ಸೋಯಾ ಮತ್ತು ತೊಗರಿ ರಾಶಿಗೆ ಹೋಗೋರು ಎಲ್ಲ ಇದೇ ಲೆಕ್ಕದವರು. ಇವರನ್ನು ಜೋಡಿಸುವವನು ಮೇಸ್ತ್ರಿ, ಗುತ್ತೇದಾರ, ಇಲ್ಲಾ ಮುಕಾದಮ. "ನಾಳಿ ಹನ್ನೆರಡ್ ಮಂದಿ ಬೇಕಾಗ್ಯಾರ, ನೋಡಪ್ಪಾ" ಅಂತ ಒಂದು ಫೋನ್ ಬಂದರೆ ಮುಗೀತು. ನಮ್ಮ ಆ್ಯಪ್ ಈ ಮನುಷ್ಯನ ಜಾಗದಲ್ಲಿ ನಿಲ್ಲಬೇಕು ಅಂದ್ರೆ ಅವನು ಮಾಡುವ ಕೆಲಸವೆಲ್ಲ ಅದಕ್ಕೆ ಬರಬೇಕು. ಅವನು ಯಾರು ಕುಡಿದು ಬರ್ತಾರೆ, ಯಾರು ಹೇಳಿದ ಟೈಮಿಗೆ ಬರ್ತಾರೆ ಅಂತ ತಲೆಯಲ್ಲೇ ಇಟ್ಟುಕೊಂಡಿರ್ತಾನೆ. ಕಷ್ಟ ಬಂದಾಗ ಅಡ್ವಾನ್ಸ್ ಕೊಡ್ತಾನೆ. ಅದೇ ಅಡ್ವಾನ್ಸ್‌ನಿಂದ ಮಂದಿಯನ್ನ ಕಟ್ಟಿಹಾಕೋದೂ ಉಂಟು.

ಆ್ಯಪ್ ಒಳಗೆ ಏನು ನಡೆಯುತ್ತೆ?

ಎಲ್ಲ ಶಿಫ್ಟ್ ವೇದಿಕೆಗಳಲ್ಲೂ ಹೆಚ್ಚು ಕಡಿಮೆ ಇವೇ ಹಂತಗಳು. ಮಾಲೀಕರು ಕೆಲಸ, ಜಾಗ, ಸಮಯ, ದರ ಹಾಕ್ತಾರೆ. ವ್ಯವಸ್ಥೆ ಸರಿಹೊಂದುವವರನ್ನ ಸೋಸಿ ತೆಗೆದು ಅವರಿಗೆ ಸಂದೇಶ ಕಳಿಸುತ್ತೆ. ಕೆಲಸಗಾರರು ಒಪ್ಪಿಕೊಳ್ತಾರೆ. ಜಾಗಕ್ಕೆ ಬಂದಾಗ ಫೋನಿನ ಜಿಪಿಎಸ್‌ನಿಂದಲೋ ಒಂದು ಒಟಿಪಿಯಿಂದಲೋ ಹಾಜರಿ ಬೀಳುತ್ತೆ. ಕೆಲಸ ಮುಗಿದ ಮೇಲೆ ದುಡ್ಡು, ನಂತರ ಎರಡೂ ಕಡೆಯಿಂದ ರೇಟಿಂಗ್.

ಇದರಲ್ಲಿ ಇಂಜಿನಿಯರಿಂಗ್ ತಲೆಗೆ ಖುಷಿ ಕೊಡೋದು ಜೋಡಿಸುವ ಹಂತ. ಒಂದು ಕಡೆ ಕೆಲಸಗಾರರು, ಇನ್ನೊಂದು ಕಡೆ ಶಿಫ್ಟುಗಳು, ನಡುವೆ ಗೆರೆಗಳು. ಗ್ರಾಫ್ ಥಿಯರಿ ಓದಿದವರಿಗೆ ಇದು ಬೈಪಾರ್ಟೈಟ್ ಮ್ಯಾಚಿಂಗ್ ಅಂತ ಕೂಡಲೇ ಗೊತ್ತಾಗುತ್ತೆ. ಒಟ್ಟು ಪ್ರಯಾಣದ ದೂರ ಕಡಿಮೆ ಮಾಡಬೇಕಾದರೆ ಹೆರಾಲ್ಡ್ ಕೂನ್ 1955ರಲ್ಲಿ ಪ್ರಕಟಿಸಿದ ಹಂಗೇರಿಯನ್ ವಿಧಾನ ಇದೆ. ಎರಡೂ ಕಡೆಯವರ ಇಷ್ಟಾನಿಷ್ಟ ನೋಡಬೇಕಾದರೆ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲಿ ಕೊಟ್ಟ ವಿಧಾನ ಇದೆ. ಈ ದಾರಿಯ ಕೆಲಸಕ್ಕಾಗಿ ಶಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು.

ಗೇಲ್–ಶಾಪ್ಲಿ ವಿಧಾನದಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಒಂದು ಕಡೆಯವರು ಕೇಳ್ತಾ ಹೋಗ್ತಾರೆ, ಇನ್ನೊಂದು ಕಡೆಯವರು ಸದ್ಯಕ್ಕೆ ಇಟ್ಟುಕೊಳ್ತಾರೆ ಅಥವಾ ಬಿಡ್ತಾರೆ. ಕೊನೆಗೆ ಬರುವ ಜೋಡಣೆ ಸ್ಥಿರವಾಗಿರುತ್ತೆ, ಅಂದ್ರೆ ಅದನ್ನ ಬಿಟ್ಟು ತಮ್ಮತಮ್ಮಲ್ಲೇ ಬೇರೆ ಮಾತಾಡಿಕೊಂಡು ಹೋಗಬೇಕು ಅನ್ನಿಸುವ ಮಾಲೀಕ–ಕೆಲಸಗಾರ ಜೋಡಿ ಒಂದೂ ಇರಲ್ಲ. ಆದರೆ ಸ್ಥಿರವಾದ ಜೋಡಣೆಗಳು ಒಂದಕ್ಕಿಂತ ಹೆಚ್ಚು ಇರಬಹುದು. ಅವುಗಳಲ್ಲಿ ಯಾರು ಮೊದಲು ಕೇಳ್ತಾರೋ ಅವರ ಪಾಲಿಗೆ ಅತಿ ಒಳ್ಳೆಯದು ಯಾವುದೋ ಅದೇ ಸಿಗುತ್ತೆ. ಮಾಲೀಕರು ಆರಿಸಿದರೆ ಮಾಲೀಕರಿಗೆ ಲಾಭ, ಕೆಲಸಗಾರರು ಆರಿಸಿದರೆ ಕೆಲಸಗಾರರಿಗೆ ಲಾಭ. ಕೋಡ್‌ನಲ್ಲಿ ಇದು ಒಂದು ಲೂಪ್ ಯಾವ ಕಡೆಯಿಂದ ಶುರುವಾಗಬೇಕು ಅನ್ನುವ ಪ್ರಶ್ನೆ ಅಷ್ಟೇ. ಊರಲ್ಲಿ ಮಾತ್ರ ಅದು ಯಾರ ಮಾತು ನಡೆಯುತ್ತೆ ಅನ್ನುವ ಪ್ರಶ್ನೆ. ನಾವೆಲ್ಲ ಸಿಇಟಿ ಆಪ್ಷನ್ ಎಂಟ್ರಿ ಮಾಡಿ ಬಂದವರೇ. ಪಟ್ಟಿ ಬರೆಯುವ ಅವಕಾಶ ಯಾರ ಕೈಯಲ್ಲಿದೆ ಅನ್ನೋದು ಎಷ್ಟು ದೊಡ್ಡದು ಅಂತ ಬೇರೆ ಹೇಳಬೇಕಿಲ್ಲ.

80 ರೂಪಾಯಿ ಅಂದ್ರೆ ಎಷ್ಟು?

ಈಗ ಕೆಲಸಗಾರನ ಕಡೆ ಲೆಕ್ಕ ನೋಡೋಣ. ಇಲ್ಲಿನ ದರಗಳು ಉದಾಹರಣೆಗೆ ಇಟ್ಟುಕೊಂಡವು. ನಿಮ್ಮ ಊರಿನ ದರ ಹಾಕಿ ಮತ್ತೆ ಮಾಡಿ ನೋಡಬಹುದು.

ಕಲ್ಯಾಣದ ಒಬ್ಬ ಹುಡುಗ ಹುಮನಾಬಾದ್‌ನಲ್ಲಿ ಐದು ತಾಸಿನ ಶಿಫ್ಟ್ ಹಿಡಿದ. ತಾಸಿಗೆ 80 ರೂಪಾಯಿ, ಒಟ್ಟು 400. ಹೋಗಿ ಬರುವ ಬಸ್ ಚಾರ್ಜ್ 90 ರೂಪಾಯಿ ಅನ್ನಿ. ಬಸ್ ಕಾಯೋದು, ಪ್ರಯಾಣ, ಗೇಟಿನ ಹತ್ತಿರ ನಿಲ್ಲೋದು ಎಲ್ಲ ಸೇರಿ ಎರಡೂವರೆ ತಾಸು. ಅಂದ್ರೆ ಏಳೂವರೆ ತಾಸು ಕೊಟ್ಟು ಅವನು 310 ರೂಪಾಯಿ ತಂದ. ತಾಸಿಗೆ ಬಿದ್ದದ್ದು 41 ರೂಪಾಯಿ. ಆ್ಯಪ್‌ನಲ್ಲಿ ಕಂಡ 80ರ ಅರ್ಧ ಅಷ್ಟೇ.

ಶಿಫ್ಟ್ ಮೂರೇ ತಾಸಿನದಾದರೆ? 240ರಲ್ಲಿ 90 ಹೋಗಿ 150 ಉಳೀತು, ಕೊಟ್ಟದ್ದು ಐದೂವರೆ ತಾಸು. ತಾಸಿಗೆ 27 ರೂಪಾಯಿ. ಎಂಟು ತಾಸಿನದಾದರೆ 52 ರೂಪಾಯಿ. ಹಂಗಾಗಿ ಶಿಫ್ಟ್ ಚಿಕ್ಕದಾದಷ್ಟೂ ದಾರಿಯ ಖರ್ಚು ಅದನ್ನ ತಿಂದುಹಾಕುತ್ತೆ. "ಬೇಕಾದಷ್ಟು ತಾಸು ಮಾತ್ರ ಮಾಡಿ, ಸ್ವತಂತ್ರರಾಗಿರಿ" ಅನ್ನುವ ಜಾಹೀರಾತು ಈ ಲೆಕ್ಕ ಹೇಳೋದಿಲ್ಲ.

ಇದೇ ಶಿಫ್ಟಿಗೆ ಹೆಣ್ಣುಮಗಳೊಬ್ಬಳು ಹೋದರೆ ಲೆಕ್ಕ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನಲ್ಲಿ ಹೋಗಿ ಬಂದರೆ ಅವಳಿಗೆ ಪೂರ್ತಿ 400 ಉಳಿಯುತ್ತೆ, ತಾಸಿಗೆ 53 ರೂಪಾಯಿ. ಅಂದ್ರೆ ಎರಡು ಊರುಗಳ ನಡುವಿನ ಶಿಫ್ಟ್ ಕೆಲಸ ನಮ್ಮಲ್ಲಿ ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು ಗಿಟ್ಟುತ್ತೆ. ಆದರೆ ರಾತ್ರಿ ಹತ್ತಕ್ಕೆ ಮುಗಿಯುವ ಶಿಫ್ಟಾದರೆ ಕೊನೆಯ ಬಸ್ ಎಷ್ಟು ಹೊತ್ತಿಗೆ ಅನ್ನೋದೇ ಮೊದಲ ಪ್ರಶ್ನೆ. ಬೆಂಗಳೂರಿನ ಆ್ಯಪ್‌ನಲ್ಲಿ ಬಸ್ ಟೈಮ್‌ಟೇಬಲ್ ಬೇಕಾಗದೇ ಇರಬಹುದು, ನಮ್ಮ ಆ್ಯಪ್‌ನಲ್ಲಿ ಅದಿಲ್ಲದೆ ಕೆಲಸ ಸಾಗಲ್ಲ.

ದಾರಿಯ ಖರ್ಚನ್ನ ಲೆಕ್ಕಕ್ಕೆ ಹಿಡಿಯೋದು ಹೊಸ ವಿಚಾರವೂ ಅಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲೇ ಊರಿನಿಂದ 5 ಕಿಲೋಮೀಟರ್ ಆಚೆ ಕೆಲಸ ಕೊಟ್ಟರೆ ಶೇ 10ರಷ್ಟು ಹೆಚ್ಚು ಕೂಲಿ ಕೊಡಬೇಕು ಅಂತ ಇತ್ತು. ಹೋಲಿಕೆಗೆ ಇನ್ನೊಂದು ಅಂಕಿ: 2025–26ಕ್ಕೆ ಕರ್ನಾಟಕದಲ್ಲಿ ಆ ಯೋಜನೆಯ ದಿನಗೂಲಿ 370 ರೂಪಾಯಿ. ಊರ ಹತ್ತಿರವೇ 370 ಸಿಗುವಾಗ 30 ಕಿಲೋಮೀಟರ್ ದೂರ ಹೋಗಿ 310 ತರೋದಕ್ಕೆ ಯಾರು ಬರ್ತಾರೆ?

200 ಮಂದಿ ಇದ್ದರೂ 12 ಮಂದಿ ಸಿಗಲ್ಲ

ಎರಡನೇ ತೊಡಕು ಸಾಂದ್ರತೆಯದು. ಆ್ಯಪ್‌ನಲ್ಲಿ 200 ಮಂದಿ ಹೆಸರು ಬರೆಸಿದ್ದಾರೆ ಅನ್ನಿ. ಒಂದು ದಿನ ಬಿಡುವಿರೋದು ಕಾಲು ಭಾಗಕ್ಕೆ, ಅಂದ್ರೆ 50 ಮಂದಿಗೆ. ಆ ಕೆಲಸ ಬರುವವರು ಅದರಲ್ಲಿ ಮೂರನೇ ಒಂದು ಪಾಲು, ಸುಮಾರು 17. ಆ ಹೊತ್ತಿಗೆ ಆ ಜಾಗ ಮುಟ್ಟಬಲ್ಲವರು ಅರ್ಧ, ಅಂದ್ರೆ 8 ಮಂದಿ. ಫಂಕ್ಷನ್ ಹಾಲ್‌ನವರು ಕೇಳಿದ್ದು 12. ಮುಂದಿನ ಸಲ ಅವರು ಆ್ಯಪ್ ತೆರೆಯೋದೇ ಇಲ್ಲ, ಮೇಸ್ತ್ರಿಗೇ ಫೋನ್ ಹಚ್ಚತಾರೆ. ಇತ್ತ ಹದಿನೈದು ದಿನಕ್ಕೊಮ್ಮೆ ಒಂದು ಶಿಫ್ಟ್ ಸಿಕ್ಕ ಹುಡುಗ ಆ್ಯಪ್ ತೆಗೆದು ಹಾಕ್ತಾನೆ.

ಬೆಂಗಳೂರಿನಂಥ ದೊಡ್ಡ ಊರಲ್ಲಿ ಹೂಡಿಕೆದಾರರ ದುಡ್ಡು ಸುರಿದು ಎರಡೂ ಕಡೆಯವರನ್ನ ಒಟ್ಟಿಗೆ ತುಂಬಿಸ್ತಾರೆ. ನಮ್ಮ ಹತ್ತಿರ ಆ ದುಡ್ಡಿಲ್ಲ. ಇರುವ ದಾರಿ ಹರವು ಕಡಿಮೆ ಮಾಡೋದು. "ಎಲ್ಲ ಕೆಲಸಕ್ಕೂ ಎಲ್ಲರೂ" ಅನ್ನೋದು ಬಿಟ್ಟು ಒಂದೇ ಊರು, ಒಂದೇ ಬಗೆಯ ಕೆಲಸ. ಉದಾಹರಣೆಗೆ ಕಲ್ಯಾಣದಲ್ಲಿ ಲಗ್ನದ ಊಟ ಬಡಿಸುವ ಕೆಲಸ ಮಾತ್ರ. ಆಗ ಕೆಲಸ ಬರುತ್ತಾ, ಜಾಗ ಮುಟ್ಟಬಹುದಾ ಅನ್ನುವ ಎರಡೂ ಸೋಸುವಿಕೆ ಸಡಿಲವಾಗಿ 60 ಮಂದಿಯಲ್ಲೇ 12 ಸಿಗೋ ಸಾಧ್ಯತೆ ಬರುತ್ತೆ. ಸೀಜನ್ ಮುಗಿದ ಮೇಲೆ ಇದೇ ಮಂದಿಗೆ ಏನು ಕೆಲಸ ಅನ್ನೋದನ್ನೂ ಮೊದಲೇ ಯೋಚಿಸಿಡಬೇಕು. ರಾಶಿಯ ದಿನಗಳಲ್ಲಿ ಹೊಲಕ್ಕೆ ಮಂದಿ ಸಿಗದ ಹೊತ್ತಿಗೆ ಊರ ಕೆಲಸಕ್ಕೂ ಸಿಗಲ್ಲ ಅನ್ನೋದು ನಮ್ಮ ಕಡೆಯವರಿಗೆಲ್ಲ ಗೊತ್ತಿದ್ದದ್ದೇ.

ಬಂದವರು ಹೆಚ್ಚಾದರೆ?

ಒಪ್ಪಿಕೊಂಡವರೆಲ್ಲ ಬರ್ತಾರಾ? ಒಬ್ಬೊಬ್ಬರೂ ಬರುವ ಸಂಭವ 90% ಅನ್ನಿ, ಅದೇ ಒಳ್ಳೆ ಅಂಕಿ. 12 ಮಂದಿಗೆ ಹೇಳಿದರೆ 12 ಜನವೂ ಬರುವ ಸಂಭವ 0.9ರ 12ನೇ ಘಾತ, ಅಂದ್ರೆ ಬರೀ 28%. ಅದಕ್ಕೇ ಮೇಸ್ತ್ರಿಯೂ ಆ್ಯಪ್‌ಗಳೂ ಎರಡು ಮಂದಿಗೆ ಹೆಚ್ಚು ಹೇಳೋದು. 14 ಮಂದಿಗೆ ಹೇಳಿದರೆ ಕನಿಷ್ಠ 12 ಬರುವ ಸಂಭವ 84%ಕ್ಕೆ ಏರುತ್ತೆ. ಮಾಲೀಕನ ಚಿಂತೆ ಮುಗೀತು.

ಆದರೆ 13 ಅಥವಾ 14 ಮಂದಿ ಬಂದುಬಿಡುವ ಸಂಭವ 58%. ಹಾಗೆ ಬಂದ ಒಬ್ಬಿಬ್ಬರು ಏನು ಮಾಡಬೇಕು? "ಇವತ್ತ ಬ್ಯಾಡಪ್ಪಾ" ಅನ್ನಿಸಿಕೊಂಡು ಬಸ್ ಚಾರ್ಜ್ ಕೈಯಿಂದ ಕಳಕೊಂಡು ಮನೆಗೆ ಹೋಗೋದು. ಲೇಬರ್ ಅಡ್ಡಾದಲ್ಲಿ ಇದು ದಿನಾ ನಡೆಯೋದೇ. ಆ್ಯಪ್ ಬಂದ ಮೇಲೂ ಹಾಗೇ ನಡೆದರೆ ನಾವು ಮಾಡಿದ್ದು ಅಡ್ಡಾವನ್ನ ಫೋನಿಗೆ ತಂದದ್ದಷ್ಟೇ.

ಇದಕ್ಕೆ ಪರಿಹಾರ ಹಡಗುಕಟ್ಟೆಗಳಲ್ಲಿ ಎಂದೋ ಹುಡುಕಿದ್ದಾರೆ. ಬ್ರಿಟನ್‌ನ ಬಂದರುಗಳಲ್ಲಿ ಬೆಳಿಗ್ಗೆ ಗುಂಪು ನಿಲ್ಲಿಸಿ ಬೇಕಾದವರನ್ನ ಆರಿಸಿ ಅರ್ಧ ದಿನಕ್ಕೆ ಕರೆಯುವ ಪದ್ಧತಿ ಇತ್ತು. 1947ರ ಡಾಕ್ ಕಾರ್ಮಿಕ ಯೋಜನೆಯಲ್ಲಿ ನೋಂದಾಯಿತ ಕಾರ್ಮಿಕ ಹಾಜರಾಗಿ ಕೆಲಸ ಸಿಗದಿದ್ದರೂ ಅವನಿಗೆ ಹಾಜರಿ ಹಣ ಕೊಡಬೇಕು ಅಂತ ಆಯಿತು.

ನಮ್ಮ ಆ್ಯಪ್‌ನಲ್ಲಿ ಬಂದು ವಾಪಸ್ ಹೋಗುವವರಿಗೆ 100 ರೂಪಾಯಿ ಕಾಯ್ದ ಹಣ ಅಂತ ಇಟ್ಟರೆ ಖರ್ಚೆಷ್ಟು? 13 ಮಂದಿ ಬರುವ ಸಂಭವ 36%, 14 ಮಂದಿ ಬರುವ ಸಂಭವ 23%. ಸರಾಸರಿ ಹೆಚ್ಚುವರಿ ಮಂದಿ 0.81. ಅಂದ್ರೆ ಒಂದು ಶಿಫ್ಟಿಗೆ ಸರಾಸರಿ 81 ರೂಪಾಯಿ. ಆ ಶಿಫ್ಟಿನ ಒಟ್ಟು ಪಗಾರ 12 × 400 = 4,800. ಹೋಲಿಸಿದರೆ 2%ಕ್ಕೂ ಕಡಿಮೆ. ಮಾಲೀಕನಿಗೆ ತಿಳಿಯದಷ್ಟು ಸಣ್ಣ ಮೊತ್ತ, ವಾಪಸ್ ಹೋಗುವವನಿಗೆ ಆ ದಿನದ ಮರ್ಯಾದೆ. ಕಾಯಕದ ಊರಿನವರು ನಾವು ಅಂತ ಹೇಳಿಕೊಳ್ಳುವಾಗ ಕೆಲಸಕ್ಕೆ ಕಾದ ತಾಸಿಗೂ ಒಂದು ಬೆಲೆ ಇದೆ ಅನ್ನೋದು ನೆನಪಿರಲಿ.

ಮೊದಲು ಮಾಡಿದವರು ಕಲಿಸಿದ್ದು

ಕರ್ನಾಟಕದಲ್ಲೇ ಈ ದಾರಿಯಲ್ಲಿ ನಡೆದವರಿದ್ದಾರೆ. ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದ ಶಾನ್ ಬ್ಲಾಗ್ಸ್‌ವೆಟ್ 2007ರಲ್ಲಿ ಬೆಂಗಳೂರಿನಲ್ಲಿ ಬಾಬಾಜಾಬ್ ಶುರು ಮಾಡಿದರು. ಬಡತನದಿಂದ ಹೊರಬಂದ ಕುಟುಂಬಗಳಲ್ಲಿ ಹೆಚ್ಚಿನವು ಬೇರೆ ಆದಾಯದ ದಾರಿ ಹಿಡಿದು ಬಂದವು ಅನ್ನುವ ಅನಿರುದ್ಧ ಕೃಷ್ಣ ಅವರ ಸಂಶೋಧನೆ ಅದಕ್ಕೆ ಪ್ರೇರಣೆ. ಮನೆಗೆಲಸದವರು, ಡ್ರೈವರ್‌ಗಳು, ಅಡುಗೆಯವರಿಗೆ ಕೆಲಸ ಹುಡುಕಿಕೊಡೋದು ಉದ್ದೇಶ. ಆಗ ಇಂಥವರ ಕೈಯಲ್ಲಿ ಇಂಟರ್ನೆಟ್ ಇರಲಿಲ್ಲ. ಹಾಗಾಗಿ ಅವರು ಎಸ್‌ಎಂಎಸ್, ಧ್ವನಿ ಕರೆ, ಮಿಸ್ಡ್ ಕಾಲ್ ಕಡೆ ಹೊರಳಿದರು. 2017ರಲ್ಲಿ ಕ್ವಿಕರ್ ಅದನ್ನ ಕೊಂಡುಕೊಂಡಿತು. ಬೆಂಗಳೂರಿನದೇ ಆದ ಡನ್ಜೋ ಶುರುವಾದದ್ದು ವಾಟ್ಸಾಪ್‌ನಲ್ಲಿ. ಆ್ಯಪ್ ಬಂದದ್ದು ಆಮೇಲೆ. ಮುಂದೆ ಬಹಳ ದೊಡ್ಡದಾಗಿ ಬೆಳೆದು, ದುಡ್ಡಿನ ಮುಗ್ಗಟ್ಟಿಗೆ ಸಿಕ್ಕಿ 2025ರ ಆರಂಭದಲ್ಲಿ ನಿಂತುಹೋಯಿತು. ಮೊದಲ ದಿನಕ್ಕೆ ಆ್ಯಪ್ ಬೇಡ ಅನ್ನೋದು ಇವೆರಡರಿಂದಲೂ ಗೊತ್ತಾಗುತ್ತೆ.

ಇನ್ನೂ ಹತ್ತಿರದ ಪಾಠ ಗಡಿಯಾಚೆ ಇದೆ. ಮಹಾರಾಷ್ಟ್ರದಲ್ಲಿ 1969ರಲ್ಲೇ ಮಾಥಾಡಿ, ಹಮಾಲ ಮತ್ತು ಇತರ ದೈಹಿಕ ಶ್ರಮದ ಕಾರ್ಮಿಕರ ಕಾಯ್ದೆ ಬಂತು. ತಲೆ ಮೇಲೆ ಮೂಟೆ ಹೊರುವವರೇ ಮಾಥಾಡಿಗಳು. ಇವರಿಗೆ ಒಬ್ಬ ಮಾಲೀಕ ಅಂತ ಇಲ್ಲ, ಇವತ್ತು ಈ ಅಂಗಡಿ, ನಾಳೆ ಆ ಗೋದಾಮು. ಕಾಯ್ದೆ ಮಾಡಿದ್ದೇನಂದ್ರೆ ನಡುವೆ ಒಂದು ಮಂಡಳಿ ಇಟ್ಟಿತು. ಮಾಲೀಕರೂ ಕಾರ್ಮಿಕರೂ ಅದರಲ್ಲಿ ನೋಂದಣಿ ಆಗ್ತಾರೆ. ಮಾಲೀಕರು ಕೂಲಿಯ ಜೊತೆಗೆ ಒಂದಿಷ್ಟು ಲೆವಿಯನ್ನೂ ಮಂಡಳಿಗೆ ಕಟ್ತಾರೆ. ಮಂಡಳಿ ಕೂಲಿ ಹಂಚಿ, ಲೆವಿಯಿಂದ ಪಿಎಫ್, ಬೋನಸ್‌ನಂಥ ಸೌಲಭ್ಯ ಕೊಡುತ್ತೆ. ಇದರ ಆಡಳಿತದಲ್ಲಿ ಮಾಲೀಕರು, ಕಾರ್ಮಿಕರು, ಸರ್ಕಾರ ಮೂವರೂ ಇರ್ತಾರೆ. ಯೋಚಿಸಿದರೆ ಇದು ಸ್ಮಾರ್ಟ್‌ಫೋನ್ ಹುಟ್ಟುವ ಮೊದಲಿನ ಗಿಗ್ ವೇದಿಕೆ.

ಕಾನೂನು ಈಗ ಏನು ಹೇಳುತ್ತೆ?

ಗಿಗ್ ಕಾರ್ಮಿಕರಿಗಾಗಿ ದೇಶದಲ್ಲಿ ಮೊದಲು ಕಾನೂನು ಮಾಡಿದ್ದು ರಾಜಸ್ಥಾನ, 2023ರಲ್ಲಿ. ಕರ್ನಾಟಕ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದು, ಅದೇ ವರ್ಷ ಅದನ್ನ ಕಾಯ್ದೆ ಮಾಡಿತು. ಅದರಂತೆ ಪ್ರತಿ ಪಾವತಿಯ ಮೇಲೆ 1%ರಿಂದ 5%ರವರೆಗೆ ಕಲ್ಯಾಣ ಶುಲ್ಕವನ್ನ ಕಂಪನಿ ಕಟ್ಟಬೇಕು. ಕೆಲಸಗಾರರ ವಿವರ ಕಲ್ಯಾಣ ಮಂಡಳಿಗೆ ಕೊಡಬೇಕು, ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಸಿಗುತ್ತೆ. ಕಾರಣ ಹೇಳದೆ, 14 ದಿನ ಮೊದಲು ನೋಟಿಸ್ ಕೊಡದೆ ತೆಗೆದುಹಾಕುವ ಹಾಗಿಲ್ಲ. ಕೆಲಸ ಹಂಚುವ, ರೇಟಿಂಗ್ ಕೊಡುವ ಸ್ವಯಂಚಾಲಿತ ವ್ಯವಸ್ಥೆ ಹೇಗೆ ನಡೆಯುತ್ತೆ ಅಂತ ಕೇಳುವ ಹಕ್ಕೂ ಕೆಲಸಗಾರರಿಗಿದೆ. ಕಾಯ್ದೆಯ ಅನುಸೂಚಿಯಲ್ಲಿ ಸವಾರಿ, ಊಟ–ದಿನಸಿ ತಲುಪಿಸೋದು, ಸರಕು ಸಾಗಣೆ, ವೃತ್ತಿಪರ ಸೇವೆ ಹೀಗೆ ಸೇವೆಗಳ ಪಟ್ಟಿ ಇದೆ. ವೇದಿಕೆ ಕಟ್ಟುವವರು ತಮ್ಮದು ಯಾವುದರಡಿ ಬರುತ್ತೆ ಅಂತ ಮೊದಲೇ ನೋಡಿಕೊಳ್ಳಬೇಕು.

ಹುಮನಾಬಾದ್‌ನ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಘಟಕಗಳಿವೆ. ತಾಸಿನ ಲೆಕ್ಕಕ್ಕೆ ಬಂದ ಹೊಸಬನನ್ನ ತರಬೇತಿ ಇಲ್ಲದೆ ಅಂಥ ಘಟಕದೊಳಗೆ ಕಳಿಸೋದು ಯಾವ ಲೆಕ್ಕದಲ್ಲೂ ಸರಿಯಲ್ಲ. ಅಪಾಯದ ಕೆಲಸಗಳನ್ನ ಆ್ಯಪ್‌ನ ಪಟ್ಟಿಯಿಂದಲೇ ಹೊರಗಿಡಬೇಕು. 18 ತುಂಬದವರನ್ನಂತೂ ಸೇರಿಸಲೇಬಾರದು.

ನಾವು ಕಟ್ಟಿದರೆ ಹೀಗೆ ಕಟ್ಟೋಣ

ಇಷ್ಟೆಲ್ಲ ನೋಡಿದ ಮೇಲೆ ನಮ್ಮ ಭಾಗದ ವೇದಿಕೆ ಹೇಗಿರಬೇಕು ಅಂತ ಒಂದು ಚೌಕಟ್ಟು ಸಿಗುತ್ತೆ.

ಒಂದು, ಆ್ಯಪ್‌ಗಿಂತ ಮೊದಲು ಫೋನ್ ಕರೆ. ಮಿಸ್ಡ್ ಕಾಲ್ ಕೊಟ್ಟರೆ ಕನ್ನಡ, ಮರಾಠಿ, ದಖನಿ ಮೂರರಲ್ಲೂ ಮಾತಾಡುವ ವ್ಯವಸ್ಥೆ. ನಮ್ಮ ಪೇಟೆಯಲ್ಲಿ ಒಂದೇ ಭಾಷೆಯಲ್ಲಿ ವ್ಯಾಪಾರ ನಡೆಯಲ್ಲ, ಆ್ಯಪ್ ಮಾತ್ರ ಹೇಗೆ ನಡೆದೀತು?

ಎರಡು, ಕಾಣುವ ದರ ಕೈಗೆ ಬರುವ ದರವೇ ಆಗಿರಲಿ. ಬಸ್ ಚಾರ್ಜ್ ಕಳೆದು, ದಾರಿಯ ಹೊತ್ತು ಸೇರಿಸಿ "ಇಷ್ಟು ಉಳಿಯುತ್ತೆ" ಅಂತ ತೋರಿಸಬೇಕು. ನಾಲ್ಕು ತಾಸಿಗಿಂತ ಕಡಿಮೆ ಶಿಫ್ಟ್ ಬೇರೆ ಊರಿನವರಿಗೆ ತೋರಿಸೋದೇ ಬೇಡ.

ಮೂರು, ಪಟ್ಟಿ ಬರೆಯುವ ಅವಕಾಶ ಕೆಲಸಗಾರರಿಗೆ. ವಾಪಸ್ ಹೋಗಬೇಕಾದವರಿಗೆ ಕಾಯ್ದ ಹಣ. ರೇಟಿಂಗ್ ಮಾಲೀಕರಿಗೂ ಇರಲಿ: ಪಗಾರ ಹೇಳಿದ ಹೊತ್ತಿಗೆ ಕೊಟ್ಟರಾ, ಕುಡಿಯೋ ನೀರು, ಶೌಚಾಲಯ ಇತ್ತಾ ಅಂತ.

ನಾಲ್ಕು, ಖರ್ಚಿನ ಲೆಕ್ಕ ಮುಚ್ಚಿಡಬಾರದು. 4,800ರ ಶಿಫ್ಟಿಗೆ ಮಾಲೀಕರಿಂದ 10% ಸೇವಾ ಶುಲ್ಕ ತಗೊಂಡರೆ 480. ಅದರಲ್ಲಿ ಕಾಯ್ದ ಹಣ 81, ಕಲ್ಯಾಣ ಶುಲ್ಕ 48ರಿಂದ 240. ಉಳಿಯೋದು 159ರಿಂದ 351. ನಡುವಿನ 250 ಹಿಡಿದರೆ, ತಿಂಗಳಿಗೆ 15,000 ರೂಪಾಯಿ ಸಂಬಳಕ್ಕೆ ಫೋನ್ ನೋಡಿಕೊಳ್ಳುವ ಒಬ್ಬರನ್ನ ಇಡೋದಕ್ಕೆ 60 ಶಿಫ್ಟ್ ಬೇಕು, ದಿನಕ್ಕೆ ಎರಡು. ಇದು ಕೋಟಿ ಕೋಟಿ ತರುವ ಸ್ಟಾರ್ಟಪ್ ಅಲ್ಲ. ಆದರೆ ಒಂದು ಸಹಕಾರ ಸಂಘವೋ ಸ್ವಸಹಾಯ ಗುಂಪುಗಳ ಒಕ್ಕೂಟವೋ ನಡೆಸಬಹುದಾದ ಕೆಲಸ ಹೌದು.

ಈ ವರ್ಷ ಯಾವುದಾದರೂ ತಂಡ ಈ ಪ್ರಾಜೆಕ್ಟ್ ಹಿಡಿಯೋದಾದರೆ ಮೊದಲ ತಿಂಗಳು ಕೋಡ್ ಬರೆಯಬೇಡಿ. ಒಂದು ನೋಟ್‌ಬುಕ್, ಒಂದು ಫೋನ್ ಸಾಕು. ಊಟ ಬಡಿಸೋಕೆ ಹೋಗುವ 30 ಮಂದಿಯನ್ನ ಮಾತಾಡಿಸಿ, ನಾಲ್ಕು ವಾರ ಯಾರು ಎಷ್ಟು ಹೊತ್ತಿಗೆ ಮನೆ ಬಿಟ್ಟರು, ಎಷ್ಟು ಹೊತ್ತು ಕಾದರು, ಎಷ್ಟು ಹೊತ್ತಿಗೆ ಮನೆ ಮುಟ್ಟಿದರು, ಕೈಯಲ್ಲಿ ಎಷ್ಟು ಉಳೀತು ಅಂತ ಬರೆದಿಡಿ. ಆ ನೋಟ್‌ಬುಕ್ಕೇ ನಿಮ್ಮ ಡೇಟಾಬೇಸ್ ಸ್ಕೀಮಾ. ಅದರಲ್ಲಿ "ಕಾದ ಹೊತ್ತು" ಅನ್ನುವ ಕಾಲಂ ಬಿಟ್ಟುಹೋಗದ ಹಾಗೆ ನೋಡಿಕೊಳ್ಳಿ.